ಒಂಬತ್ತು ದಿನ ಕಳೆದು

ಕಠಾರಿಪಾಳ್ಯದಲ್ಲಿ ನನ್ನ ಹೆಸರಿಗೆ ನಾಲ್ಕು ಬಾಗಿಲು.
ಚಿಕ್ಕಮ್ಮ ಬಿಟ್ಟುಹೋದದ್ದು:
ಎರಡಕ್ಕೆ ಚಿಲಕ ಕೂರುವುದಿಲ್ಲ, ಒಂದಕ್ಕೆ ಹೊಸಿಲಿಲ್ಲ,
ನಾಲ್ಕಕ್ಕೂ ಸೇರಿ ಒಂದು ಸಂಪು, ಒಂದು ಮೋಟಾರು.
ನಾನಿರುವುದು ರಾಯಚೂರಿನ ಹೆರಿಗೆ ವಾರ್ಡಿನಲ್ಲಿ, ರಾತ್ರಿ ಪಾಳಿ.
ಅಲ್ಲಿಂದ ಕೈಚಾಚಿ
ಕೋಲಾರದ ನಲ್ಲಿ ಕಟ್ಟಲಾಗುವುದಿಲ್ಲ.

ಮೊದಲು ಸಿಕ್ಕವನು ಕಾರ್ಡು ಕೊಟ್ಟ, ಬಂಗಾರದ ಅಕ್ಷರ.
'ಮೇಡಂ, ನೀವು ಆರಾಮಾಗಿ ನಿದ್ದೆ ಮಾಡಿ' ಎಂದ.
ಮಾಡಿದೆ. ಎದ್ದು ನೋಡಿದರೆ ಮೂರನೇ ಮನೆಯಲ್ಲಿ
ಟೊಮೇಟೊ ಮಂಡಿಯ ಹದಿನಾಲ್ಕು ಹುಡುಗರು,
ಕರಾರುಪತ್ರದಲ್ಲಿ ಮಾತ್ರ ಗಂಡ, ಹೆಂಡತಿ, ಒಂದು ಮಗು.
ಎರಡನೆಯವನು ಒಳ್ಳೆಯವನೇ.
ಫೋನೆತ್ತುತ್ತಿರಲಿಲ್ಲ, ಅಷ್ಟೇ.

ರಜೆ ಹಾಕಿ ಬಂದು ಬೀದಿಯಲ್ಲಿ ನಿಂತು
ಇಸ್ತ್ರಿಯವಳನ್ನು ಕೇಳಿದೆ:
ಇಲ್ಲಿ ಯಾರ ಮಾತಿಗೆ ನಲ್ಲಿ ಜಗಳ ನಿಲ್ಲುತ್ತೆ?
ಪೆಟ್ಟಿಗೆಯಿಂದ ಕೈ ತೆಗೆಯದೆ
ಗಲ್ಲದಲ್ಲೇ ತೋರಿಸಿದಳು.

ಮುನಿಚಿನ್ನಪ್ಪ.
ನಗರಸಭೆಯಲ್ಲಿ ಮೂವತ್ತೊಂದು ವರ್ಷ ವಾಲ್ವು ತಿರುಗಿಸಿದವನು.
ತಾತ ನೀರುಗಂಟಿ, ಅಪ್ಪ ನೀರುಗಂಟಿ,
ಕೆರೆಯಂಗಳದಲ್ಲಿ ಈಗ ಲಾರಿ ನಿಲ್ಲುತ್ತವೆ.
ನನ್ನ ಮಾತು ಪೂರ್ತಿ ಕೇಳದೆ ಏಣಿ ತರಿಸಿದ,
ತಾರಸಿಗೆ ಎರಡು ಕೊಡ ನೀರು ಸುರಿದ,
ಇಳಿದು ಬಂದು ಒಳಗೆ ಅಂಗಾತ ಮಲಗಿ
ಸೂರು ನೋಡುತ್ತಾ ಕಾದ.
ಮೂಗಿನ ಮೇಲೆ ಹನಿ ಬಿದ್ದಾಗ ಎದ್ದು ಕೂತ.
'ಇದುಕ್ಕೆ ಮೊದ್ಲು ಎಂಟು ಸಾವ್ರ ಖರ್ಚು ಮಾಡಮ್ಮ.
ನನ್ ಸಂಬಳ ಆಮೇಲೆ ಮಾತಾಡಾನ.'
ಇನ್ನೊಂದು ಷರತ್ತು: 'ಯಾರ್ನೋ ಕಳಿಸಿ ನನ್ನ ಪರೀಕ್ಷೆ ಮಾಡ್ಬ್ಯಾಡ.
ನೀನೇ ಬಾ. ಹೇಳ್ದೆ ಬಾ.'

ಕರೆಂಟು ಕದಿಯುತ್ತಿದ್ದ ಎರಡನೇ ಮನೆಯವನ
ಮೀಟರಿನ ಎದುರು ಕುರ್ಚಿ ಹಾಕಿ ಕೂತನಂತೆ,
ಬೈಯಲಿಲ್ಲ, ಕೆಮ್ಮಲೂ ಇಲ್ಲ.
ಮೂರನೇ ದಿನ ಅವನೇ ಬಂದು ವೈರು ಬಿಚ್ಚಿದ.
ಇದನ್ನು ಹೇಳಿದ್ದು ಒಂದನೇ ಮನೆಯ ಟೈಲರು ಶಬೀನಾ,
ಮುನಿಚಿನ್ನಪ್ಪನಲ್ಲ.

ಚೈತ್ರದ ಒಂದು ತಿಂಗಳು ಲೆಕ್ಕದ ಹಾಳೆಯ ಫೋಟೊ ಬಂತು.
ನಾಲ್ಕೂ ಮನೆಯ ಬಾಡಿಗೆ ಕಮ್ಮಿ.
ಪಕ್ಕದಲ್ಲಿ ಪೆನ್ಸಿಲಿನ ದಪ್ಪ ಅಕ್ಷರ:
ಮೋಟಾರು ಸುಟ್ಟಿದ್ದು ನಾಕರಿಂದ ಹನ್ನೆರಡು,
ಒಂಬತ್ತು ದಿನ ಕಳೆದು.

ಎರಡು ಹೆರಿಗೆಗಳ ನಡುವೆ ಫೋನು ಮಾಡಿದೆ,
ಗ್ಲೌಸು ಬಿಚ್ಚದ ಇನ್ನೊಂದು ಕೈ ಗಾಳಿಯಲ್ಲಿ.
'ಯಾರನ್ನು ಕೇಳಿ ಕಳೆದಿರಿ?'
ಆ ಕಡೆ ಯಾವುದೋ ಕೊಡ ತುಂಬುವ ಸದ್ದು.
ತುಂಬುವವರೆಗೆ ಅವನು ಮಾತಾಡಲಿಲ್ಲ.
'ನೀರಿಲ್ದಿರೋದು ಮನೇನಾಮ್ಮ? ನಾಕು ಗೋಡೆ.
ಗೋಡೆಗೆಷ್ಟು ಬಾಡ್ಗೆ ಅಂತ ನೀನೇ ಹೇಳು,
ಇಸ್ಕೊಡ್ತೀನಿ.'

ಗೋಡೆಯ ದರ ನನಗೆ ಗೊತ್ತಿರಲಿಲ್ಲ.
ಸಿಟ್ಟು ಮಾತ್ರ ಇತ್ತು, ಸಂಬಳದ ದಿನದವರೆಗೂ ಇತ್ತು.
ಅವನ ಒಂದೂವರೆ ಸಾವಿರದಲ್ಲಿ ಮುರಿದುಕೊಳ್ಳೋಣವೆಂದು
ಮೊಬೈಲಿನಲ್ಲಿ ಅಂಕಿ ಒತ್ತಿ, ಅಳಿಸಿ, ಒತ್ತಿ,
ಪೂರ್ತಿ ಕಳಿಸಿದೆ. ಯಾಕೆಂದು ಕೇಳಬೇಡಿ.
ಆ ವರ್ಷ ಯಾರೂ ಮನೆ ಖಾಲಿ ಮಾಡಲಿಲ್ಲ,
ಹೊಸಿಲಿಲ್ಲದ ಬಾಗಿಲಿಗೆ ಶಬೀನಾಳ ತಮ್ಮ
ಮರ ತಂದು ಹಾಕಿದ. ಕೂಲಿ ಲೆಕ್ಕದಲ್ಲಿ ಬರೆದಿತ್ತು.

ಈಗ ರಾಯಚೂರಿನಲ್ಲಿ, ನಾನು ಬಾಡಿಗೆಗಿರುವ ಮನೆಯಲ್ಲಿ
ನಲ್ಲಿ ಬರಿ ಉಸಿರು ಬಿಡುತ್ತಿದೆ.
'ಬೇಸಿಗ್ಯಾಗ ಎಲ್ಲಾ ಕಡೆ ಹಂಗರೀ ಸಿಸ್ಟರ್' ಎನ್ನುತ್ತಾರೆ ಓನರು,
ಮೇಲಿನ ಅವರ ಮನೆಯಿಂದ ಬಟ್ಟೆ ಕುಕ್ಕುವ ಸದ್ದು.
ಪಾಳಿ ಮುಗಿಸಿ ಬಂದು, ಡೆಟ್ಟಾಲು ವಾಸನೆಯ ಕೈಯಲ್ಲೇ
ಕೋಲಾರಕ್ಕೆ ಫೋನು ಮಾಡಿದೆ.
ಬಾಡಿಗೆಯ ವಿಷಯವೆಂದುಕೊಂಡ, ಅಲ್ಲವೆಂದೆ.
ಸ್ವಲ್ಪ ಹೊತ್ತು ನಕ್ಕ. ಆಮೇಲೆ:
'ಬರ್ದಿಟ್ಕಾ. ಜಗಳ ಆಮೇಲಾಡು.'

ಗ್ಯಾಸ್ ಏಜೆನ್ಸಿಯ ಕ್ಯಾಲೆಂಡರಿನಲ್ಲಿ ನೀಲಿ ಗೀಟು,
ಇವತ್ತಿಗೆ ಏಳು.
ಓನರು ಮೆಟ್ಟಿಲಿಳಿಯುತ್ತಿದ್ದಾರೆ.
ಕ್ಯಾಲೆಂಡರನ್ನು ಮೊಳೆಯಿಂದ ಬಿಡಿಸಿಕೊಂಡೆ.