ನೆಲಕ್ಕೆ ಒಂದೇ ಗೇಣು

ಮಿಯಾಕೊ ದ್ವೀಪ, ಮೇ ತಿಂಗಳ ಎರಡನೇ ವಾರ.
ರಜೆಯ ಜಂಗುಳಿ ಹೊರಟುಹೋಗಿದೆ,
ಮಳೆಗಾಲ ಇನ್ನೂ ದಾರಿಯಲ್ಲಿದೆ.
ಈ ಸಂದಿಯಲ್ಲಿ ಎಲ್ಲಕ್ಕೂ ಬಾಡಿಗೆ ಅಗ್ಗ
ಎಂದು ಲೆಕ್ಕ ಹಾಕಿದವಳು ನಾನೇ.

ಕಾರ್ಟ್ ಅಂಗಡಿಯ ಹುಡುಗಿ, ಕರಿಮಾತಾ ಮಿಸುಝು,
ನಮ್ಮ ಲೈಸೆನ್ಸುಗಳನ್ನು ಹಿಂದೆ ಮುಂದೆ ತಿರುಗಿಸಿದಳು.
"ಅಸಾಹಿಕಾವಾ! ಅಲ್ಲಿ ಈಗಲೂ ಹಿಮವೇ?"
"ಇಲ್ಲಮ್ಮ, ನಾವು ಹೊರಟ ದಿನ ಚೆರಿ ಹೂ ಉದುರುತ್ತಿತ್ತು."
ಕೆಲಸ ಏನೆಂದು ಕೇಳಿದ್ದಕ್ಕೆ ಹಿಸಾಯುಕಿ
ತನ್ನ ಚಪ್ಪಲಿ ನೋಡಿಕೊಳ್ಳುತ್ತ, "ಹಿಮ ತಳ್ಳುವ ಲಾರಿ" ಎಂದ,
ತಪ್ಪೊಪ್ಪಿಕೊಳ್ಳುವವನ ಹಾಗೆ.
ಅವಳು ಹಿಮ ಕಂಡಿದ್ದು ಫ್ರಿಜ್ಜಿನೊಳಗೆ ಮಾತ್ರವಂತೆ.

ನಾಲ್ಕು ಗಾಲಿ, ಒಂದು ಸೀಟು. ಬಾಗಿಲಿಲ್ಲ, ಮಾಡಿಲ್ಲ.
ಬಾಲಕ್ಕೊಂದು ಕೆಂಪು ಬಾವುಟ,
ದೊಡ್ಡ ಗಾಡಿಗಳು ನಮ್ಮನ್ನು ಬೆಕ್ಕೆಂದು ತಿಳಿಯದಿರಲಿ ಎಂದು.
ಕೂತರೆ ನೆಲಕ್ಕೆ ಒಂದೇ ಗೇಣು.
ಸ್ವರ್ಗಕ್ಕೆ ಮೂರು ಅನ್ನುತ್ತಾರೆ; ಅಳೆದವರು ಯಾರೋ.

ಹದಿನೇಳು ಚಳಿಗಾಲ ಈ ಮನುಷ್ಯ
ಎರಡಾಳೆತ್ತರದಲ್ಲಿ ಕೂತು, ಗಾಜು ಏರಿಸಿ,
ನಡುರಾತ್ರಿ ಎರಡು ಗಂಟೆಯಿಂದ
ಊರಿನ ದಾರಿ ಬಿಡಿಸಿಕೊಟ್ಟವನು.
ನಿದ್ದೆಗಣ್ಣಲ್ಲಿ ಕೇಳಿಸಿಕೊಂಡಿದ್ದೇನೆ,
ನಮ್ಮ ಬೀದಿಯ ನೆಲ ಕೆರೆಯುವ ಅವನ ಕಬ್ಬಿಣ.
ಒಂದು ದಿನವೂ ಹಾರ್ನ್ ಒತ್ತಿದವನಲ್ಲ.

ಇಲ್ಲಿ ಬಿಸಿ ರಸ್ತೆ ಕುಂಡೆಯ ಕೆಳಗೇ ಹರಿಯುತ್ತದೆ.
ಮೊಣಕಾಲೆತ್ತರದ ಕಬ್ಬೂ ನಮಗೆ ಕಾಡು.
ಗೊಬ್ಬರ, ಉಪ್ಪು, ಬೇಲಿಯಲ್ಲಿ ಗೊನೆಗೊನೆಯಾಗಿ ಬಾಗಿದ
ಶುಂಠಿಯ ನೆಂಟ ಯಾವುದೋ ಬಿಳಿ ಹೂ:
ಎಲ್ಲ ವಾಸನೆಯೂ ಮೂಗಿನ ಮಟ್ಟಕ್ಕೇ ಬಂದು
ಪರಿಚಯ ಹೇಳಿಕೊಂಡು ಹೋಗುತ್ತದೆ.

ಅವನು ಮಾತ್ರ ಇಪ್ಪತ್ತು ದಾಟಲೊಲ್ಲ.
"ಇಲ್ಲಿ ತಳ್ಳುವುದಕ್ಕೆ ಏನೂ ಇಲ್ಲ ಕಣೋ!"
ಹಿಂದಿನಿಂದ ಕೂಗಿದೆ. ಗಾಳಿ ಅರ್ಧ ತಿಂದು
ಅರ್ಧ ಮುಟ್ಟಿಸಿತು.
ತಿರುವಿನಲ್ಲಿ ಸಿಮೆಂಟಿನ ಪೊಲೀಸ್ ಬೊಂಬೆ,
ಸುಣ್ಣ ಬಳಿದ ಮುಖ, ರೆಪ್ಪೆಯಿಲ್ಲದ ಕಣ್ಣು.
ಅದಕ್ಕೂ ಬ್ರೇಕ್ ಹಾಕಿ ತಲೆ ಬಾಗಿಸಿದ, ಪುಣ್ಯಾತ್ಮ.
ನಕ್ಕು ನಕ್ಕು ನನ್ನ ಗಾಡಿ ಕಬ್ಬಿಗೆ ನುಗ್ಗುವುದರಲ್ಲಿತ್ತು.

ಆಮೇಲೆ ಇರಾಬು ಸೇತುವೆ.
ಎರಡೂ ಕಡೆ ಕಡಲು, ಕಡಲೆಂದರೆ
ಒಂದೇ ನೀಲಿಯಲ್ಲ, ಬಣ್ಣದಂಗಡಿಯವ
ಗಿರಾಕಿಗೆ ಹರಡಿ ತೋರಿಸಿದ ಹಾಗೆ.
ನಡುವೆ ರಸ್ತೆ ಬೆಕ್ಕಿನ ಬೆನ್ನಂತೆ ಉಬ್ಬುತ್ತದೆ.
ಅಲ್ಲಿ ಅವನಿಗೆ ಏನಾಯಿತೋ.
ಬಾವುಟ ಪಟಪಟ ಹೊಡೆದುಕೊಂಡಿತು,
ಏರು ಏರಿದ, ಕೆಂಪು ಚುಕ್ಕೆಯಾದ,
ಉಬ್ಬಿನಾಚೆ ಇಲ್ಲವಾದ.
ಪೀಂ, ಎಂದು ಕೇಳಿಸಿತು.
ಮತ್ತೊಮ್ಮೆ ಪೀಂ ಪೀಂ, ಮಕ್ಕಳಾಟಿಕೆಯ ಸದ್ದು,
ಯಾರನ್ನೂ ಸರಿ ಎನ್ನದ್ದು.

ಆಚೆ ದಡದಲ್ಲಿ ಹೇಳದೆ ಕೇಳದೆ ಮಳೆ.
ಮಾಡಿಲ್ಲದ ಗಾಡಿಯವರು ಎಲ್ಲಿಗೆ ಓಡುವುದು?
ಹವಳದ ಕಲ್ಲು ಅರೆದು ಹಾಕಿದ ದಾರಿ
ಸೋಪಿನಂತೆ ಜಾರತೊಡಗಿತು.
ಆಗ ನನ್ನವನು ಕೈಯೆತ್ತಿ ನಿಲ್ಲಿಸಿ,
"ಬ್ರೇಕ್ ಮುಟ್ಟಬೇಡ. ನನ್ನ ಗಾಲಿಯ ಗುರುತಿನ ಮೇಲೇ ಬಾ"
ಎಂದು ಮುಂದಾದ, ಅದೇ ಹಳೆಯ ಇಪ್ಪತ್ತರಲ್ಲಿ.
ನೀರೊಳಗೆ ಗುರುತೆಲ್ಲಿ?
ಆದರೂ ಅದರ ಮೇಲೇ ಹೋದೆ.

ಕಾವಲಿಲ್ಲದ ತರಕಾರಿ ಗೂಡಂಗಡಿ, ದುಡ್ಡಿಗೊಂದು ಡಬ್ಬಿ.
ತಗಡಿನಡಿ ನುಸುಳಿ ನಿಂತೆವು. ಹಿತ್ತಿಲಿಂದ
ಹಾಮಾಗಾವಾ ಅಜ್ಜಿ ಟವೆಲ್ ತಂದಳು,
ದ್ವೀಪದ ಮಾತಿನಲ್ಲಿ ಏನೋ ಅಂದಳು,
ನಮ್ಮ ಪಿಳಿಪಿಳಿ ನೋಡಿ ಟೋಕಿಯೋ ಮಾತಿಗೆ ತಿರುಗಿಸಿದಳು:
"ಯಾರ ಮನೆ ಮಕ್ಕಳು? ಇಷ್ಟು ಬೆಳೆದಿದ್ದೀರಿ,
ಆಟದ ಗಾಡಿ ಇನ್ನೂ ಬಿಟ್ಟಿಲ್ಲ!"
ಕಪ್ಪು ಬೆಲ್ಲದ ಚೂರು ಅಂಗೈಗೆ ಸುರಿದಳು.
ತಿಂದಷ್ಟೂ ತಿಂದೆವು.
ಉಳಿದದ್ದು ನನ್ನ ಜೇಬಿಗೆ.

ಸಂಜೆ ಕೀಲಿ ಕೊಡುವ ಹೊತ್ತು
ಮಿಸುಝು ಗಡಿಯಾರ ನೋಡಿದಳು, ಸರಿಯಾದ ಸಮಯ.
ಕೈ ಚಾಚಿದಳು. ಅವನು ಕೀಲಿ ಕೊಡಲಿಲ್ಲ.
ಅಂಗಿಯ ನೀರು ಕಾಲಡಿ ಮಡುಗಟ್ಟುತ್ತಿರಲು,
"ಇನ್ನೊಂದು ಗಂಟೆಗೆ ಎಷ್ಟು?" ಎಂದು ಕೇಳಿದ,
ಅವಳನ್ನಲ್ಲ, ನನ್ನನ್ನು.
ಲೆಕ್ಕದವಳು ನಾನಲ್ಲವೇ. ಜೇಬಿಗೆ ಕೈ ಹಾಕಿದೆ.
ನೋಟೆಲ್ಲ ಬೆಲ್ಲಕ್ಕೆ ಅಂಟಿಕೊಂಡಿತ್ತು.