ಎಣ್ಣೆ ಹಚ್ಚದ ಕೈ

ಕಾಸರಗೋಡಿನ ಕಾಲೇಜು, ಮೂರನೇ ಮಾಳಿಗೆ, ಕೊನೆಯ ಕೋಣೆ.
ಬಲೆಯ ಪೆಟ್ಟಿಗೆಯೊಳಗೆ ಐವತ್ತು ಸೊಳ್ಳೆ, ಎಲ್ಲ ಹೆಣ್ಣೇ,
ನಿನ್ನೆ ರಾತ್ರಿಯಿಂದ ಸಕ್ಕರೆನೀರೂ ಇಲ್ಲ ಅವಕ್ಕೆ.
ಪ್ರಸೀದಾ ಟೀಚರ ಕೈಗೆ ಮೊಣಕೈವರೆಗೆ ಲೋಷನ್.
ನನ್ನದು ಬರೀ ಕೈ.
ಸಂಬಳದ ಚೀಟಿಯಲ್ಲಿ ಅಟೆಂಡರ್ ಐತಪ್ಪ,
ಪ್ರಯೋಗದ ಪುಸ್ತಕದಲ್ಲಿ ‘ಕಂಟ್ರೋಲ್’.

ಮೊದಲು ಒಳಗೆ ಹೋಗಬೇಕಾದ್ದು ನನ್ನದೇ.
ಹತ್ತಾದರೂ ಬಂದು ಕೂರದಿದ್ದರೆ
ಆ ದಿನದ ಲೆಕ್ಕ ಲೆಕ್ಕಕ್ಕಿಲ್ಲ:
ಹಸಿವಿಲ್ಲದವರ ಮುಂದೆ ಬಾಗಿಲು ಹಾಕಿ ಏನು ಬಂತು?
ನಾನು ತುಳುವಿನಲ್ಲಿ ಎಣಿಸುತ್ತೇನೆ, ಒಂಜಿ, ರಡ್ಡ್, ಮೂಜಿ.
ಟೀಚರ್ ಮಲಯಾಳದಲ್ಲಿ ಕೇಳುತ್ತಾರೆ, ಎತ್ರ?
ಪುಸ್ತಕಕ್ಕೆ ಏರುವುದು ಇಂಗ್ಲಿಷ್ ಅಂಕಿ.
ಕನ್ನಡ ಉಳಿದದ್ದು ಆಮೇಲಿನ ತುರಿಕೆಗೆ.

ಅವರ ಕೈಯ ವಾಸನೆಗೆ
ನಾವು ಮಜ್ಜಿಗೆಹುಲ್ಲು ಅಂದೆವು,
ಅವರಿಗದು ಇಂಜಿಪ್ಪುಲ್ಲು, ಅಂದರೆ ಶುಂಠಿ,
ಬಾಟಲಿಯ ಚೀಟಿಯಲ್ಲಿ ಲಿಂಬೆ.
ಮಜ್ಜಿಗೆಯಲ್ಲದ, ಶುಂಠಿಯಲ್ಲದ, ಲಿಂಬೆಯೂ ಅಲ್ಲದ ಹುಲ್ಲು
ಹಂಡೆಯಲ್ಲಿ ಬೆಂದು, ಹಬೆಯಾಗಿ ಹತ್ತಿ, ಕೊಳವೆಯಲ್ಲಿ ತಣಿದು
ನೀರ ಮೇಲೆ ತೇಲುವ ಹಳದಿ.
ಇಡೀ ಹೊರೆಗೆ ಅರ್ಧ ಲೋಟವಿಲ್ಲ.
ಸೊಳ್ಳೆ ಹೆಸರು ಕೇಳುವುದಿಲ್ಲ,
ಬಲೆಯ ಮೂಲೆಯಲ್ಲಿ ಮುಖ ತಿರುಗಿಸಿ ಕೂರುತ್ತದೆ
ಮದುವೆಗೆ ಕಾಗದ ಬಾರದ ಚಿಕ್ಕಮ್ಮನ ಹಾಗೆ.

ಎರಡು ಗಂಟೆ ಹತ್ತು ನಿಮಿಷ.
ಆಮೇಲೆ ಒಂದು ಬರುತ್ತದೆ. ಮುಟ್ಟಿ ಹಾರುತ್ತದೆ. ಮತ್ತೆ ಬರುತ್ತದೆ.
ಟೀಚರ್ ಕೈ ಹೊರಗೆಳೆದು, ಗಡಿಯಾರ ನೋಡಿ,
ಏನೂ ಹೇಳದೆ ಬರೆದುಕೊಳ್ಳುತ್ತಾರೆ.
ಹೋದ ಸಲ ಒಂದೂವರೆ ಗಂಟೆಗೇ ಬಂದಿತ್ತು.

ಯಾರೂ ಬರೆದುಕೊಳ್ಳದ್ದು ಇದು:
ಸೋಮವಾರದಿಂದ ಶುಕ್ರವಾರದವರೆಗೆ ನನಗೆ
ಪರಿಮಳದ ಸಾಬೂನಿಲ್ಲ, ಪೌಡರಿಲ್ಲ, ತೆಂಗಿನೆಣ್ಣೆ ಕೂಡ.
ನೆಲ್ಲಿಕುಂಜೆಯ ಮನೆಯಲ್ಲಿ, ಕರೆಂಟು ಹೋದ ಹೊತ್ತು,
ಟೀಚರ್ ಕೊಟ್ಟ ಉಳಿಕೆ ಲೋಷನ್ ಹಚ್ಚಿ
ವಾರಿಜ ಕೂರುತ್ತಾಳೆ, ಮಾರು ದೂರ.
ತಾಗಿದರೆ ನಾಳಿನ ಲೆಕ್ಕ ಕೆಟ್ಟೀತು.
ಅವಳನ್ನು ಬಿಟ್ಟವೆಲ್ಲ ನನ್ನ ಕಡೆಗೇ.
ಹೊಡೆಯುತ್ತೇನೆ, ಆದರೆ ಎಣಿಸಿದ ಮೇಲೆ.
“ಮನೆಯಲ್ಲೂ ಲೆಕ್ಕವಾ?” ಕತ್ತಲೆಯಿಂದ ಅವಳು.

ಶನಿವಾರ ಪ್ರಯೋಗವಿಲ್ಲ.
ರಾತ್ರಿ ಬಾಟಲಿ ಬಗ್ಗಿಸಿ, ತಳ ತಟ್ಟಿ,
ಐದು ದಿನದ ಗುರುತುಗಳ ಮೇಲೆ ಅವಳೇ ಉಜ್ಜುತ್ತಾಳೆ.
ಉರಿಯುತ್ತದೆ. ಇರಲಿ, ಅನ್ನುತ್ತೇನೆ.
ಹಚ್ಚಿದ್ದು ಎಂಟೂ ಹತ್ತಕ್ಕೆ.
ಹತ್ತೂ ಇಪ್ಪತ್ತರವರೆಗೆ
ನಮ್ಮಿಬ್ಬರನ್ನೂ ಯಾರೂ ಕಚ್ಚುವುದಿಲ್ಲ.