ಹತ್ತರ ತನಕ

ಬಾಗಿಲು ಹಾಕಿಕೊಂಡಳು ಇಂಪನ.
ಮೂರು ವರ್ಷ ಬೆಳಿಗ್ಗೆ ರಾತ್ರಿ ನಾನೇ ಚುಚ್ಚಿದ್ದೆ.
ಇವತ್ತು, "ನೀನು ಆಚೆ ಇರಪ್ಪ, ನಾನೇ ಹಾಕ್ಕತೀನಿ."
ಮೊನ್ನೆ ಗೌರಿಹಬ್ಬಕ್ಕೆ ಹದಿಮೂರು ತುಂಬಿತು.
ಹೊಸಿಲಾಚೆ ನಿಂತು ಕಿವಿಗೊಟ್ಟೆ:
ಒಂದು, ಎರಡು, ಮೂರು...
ಸೂಜಿ ಒಳಗಿಟ್ಟು ಹತ್ತು ಎಣಿಸಬೇಕು.
ನಾನು ಯಾವಾಗಲೂ ಏಳಕ್ಕೇ ಕಿತ್ತುಬಿಡುತ್ತಿದ್ದೆ,
ಅವಳ ಮುಖ ನೋಡಲಾರದೆ.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ನಸೀಮಾ ಸಿಸ್ಟರ್
ಈರನಗೆರೆ ಬದನೆಕಾಯಿ ಕೈಗಿತ್ತು ಕಲಿಸಿದ್ದರು.
"ಮೊದಲು ಇದಕ್ಕೆ ಚುಚ್ಚು. ಗುಳ್ಳೆ ಬಂತಾ, ತಟ್ಟಿ ತೆಗಿ.
ಕಾಲೇಜಿಗೂ ನಿಮ್ಮಪ್ಪ ಬರ್ತಾರಾ ಹಿಂದೆ ಹಿಂದೆ?"
ಹುಡುಗಿ ನಕ್ಕಳು. ನಾನು ಬದನೆಕಾಯಿ ನೋಡಿದೆ,
ಮೈತುಂಬ ತೂತು.
ಬರೀ ನೀರು ತಾನೇ ಅಂತ
ಸಂಜೆ ಅದನ್ನೇ ಸುಟ್ಟು ಗೊಜ್ಜು ಮಾಡಿದಳು ಇವಳಮ್ಮ.

ನನ್ನ ಕೆಲಸ ಕೀಲಾರದ ಹತ್ತಿರ ಆಲೆಮನೆಯಲ್ಲಿ.
ಕೊಪ್ಪರಿಗೆಯ ನೊರೆ ನೋಡಿಯೇ ಪಾಕದ ಹದ ಹೇಳಬಲ್ಲೆ.
ಅವಳಿಗೆ ಕಾಯಿಲೆ ಅಂದ ದಿನದಿಂದ
ಅಂಗಿ ಬದಲಿಸದೆ ಮನೆಯೊಳಗೆ ಕಾಲಿಟ್ಟವನಲ್ಲ,
ವಾಸನೆಯೂ ತಗುಲಬಾರದೆಂದು.

ಲೆಕ್ಕದ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಅವಳದೇ ಲೆಕ್ಕ:
ಸೋಮವಾರ ೨೧೨, ಮುದ್ದೆ ಒಂದೂವರೆ.
ಮಂಗಳವಾರ ೧೪೦, ಖೋಖೋ ಆಡಿದೆ.
ಬುಧವಾರ ಖಾಲಿ; ಪಕ್ಕದಲ್ಲಿ,
ಸುಳ್ಳು ಬರೆಯಲ್ಲ, ಮರೆತುಹೋಯ್ತು.
ಕರೆಂಟ್ ಹೋದರೆ ಔಷಧಿ ಸೀಸೆ
ಒದ್ದೆ ಮರಳಿನ ಮಡಕೆಗೆ. ಅದೂ ಈಗ ಅವಳದೇ ಜವಾಬ್ದಾರಿ.

ಶನಿವಾರ ನನಗೆ ಬುತ್ತಿ ತಂದವಳು
ಗಾಣದ ಪಕ್ಕ ಕೂತೇಬಿಟ್ಟಳು.
ಹಣೆಯೆಲ್ಲ ಬೆವರು, ಬೆರಳು ತರತರ.
ಕೈಲಿದ್ದ ಹುಟ್ಟು ಬಿಸಾಕಿ ಓಡಿದೆ,
ಸೂಜಿ ಎಲ್ಲವ್ವ, ಸೂಜಿ ಎಲ್ಲಿ?
"ಸೂಜಿ ಅಲ್ಲ ಕಣಪ್ಪ, ಶುಗರ್ ಇಳ್ದದೆ. ಬೆಲ್ಲ ಕೊಡು."

ಬೆಲ್ಲ.
ಮೂರು ವರ್ಷ ಅವಳಿಂದ ಬಚ್ಚಿಟ್ಟ ಕೈ ಇದು.
ಅಚ್ಚು ಒಡೆದು ಒಂದು ಹಿಡಿ ನೀಡಿದೆ.
ಅಷ್ಟು ಬ್ಯಾಡ, ಎಂದು
ನೆಲ್ಲಿಕಾಯಿ ಗಾತ್ರ ಮುರಿದುಕೊಂಡಳು,
ಬಾಯಿಗಿಟ್ಟು ಗೋಡೆಗೊರಗಿದಳು.
"ಹದಿನೈದು ನಿಮಿಷ. ಆಮೇಲೆ ಇನ್ನೊಂದ್ಸಲ ನೋಡವ."

ಪಾಕ ತಳ ಹಿಡಿದ ವಾಸನೆ ಬಂತು.
ಒಡೆಯ ನನ್ನ ಹೆಸರು ಹಿಡಿದು ಕೂಗಿದ.
ಗಡಿಯಾರವಿಲ್ಲದ ಮಣಿಕಟ್ಟು ನೋಡುತ್ತ ನಾನು
ಹತ್ತು ದಾಟಿ
ಎಣಿಸುತ್ತಲೇ ಇದ್ದೆ.